ದೂರ ನಿಂತು ಕಂಡ ಮುಖ

ನಮ್ಮ ಕಡೆಯ ಯಾವುದೇ ಮನೆಯ ಹಳೆಯ ಆಲ್ಬಂ ತೆಗೆದು ನೋಡಿ. 1960-70ರ ಸುಮಾರಿನ ಕಪ್ಪು-ಬಿಳುಪು ಫೋಟೋಗಳಲ್ಲಿ ಅತ್ತೆ, ದೊಡ್ಡಮ್ಮ, ಚಿಕ್ಕಮ್ಮ ಎಲ್ಲರೂ ಕಣ್ಣು ಕಿರಿದು ಮಾಡಿ, ಹುಬ್ಬು ಗಂಟಿಕ್ಕಿ, ಆಗಷ್ಟೇ ಯಾರ ಜೊತೆಯೋ ಜಗಳ ಮಾಡಿ ಬಂದವರ ಹಾಗೆ ನಿಂತಿರುತ್ತಾರೆ. ಈಗಿನ ಮಕ್ಕಳು ಅದನ್ನು ನೋಡಿ, ಅಜ್ಜಿಗೆ ಅಷ್ಟು ಕೋಪ ಏಕೆ ಬಂದಿತ್ತು ಎಂದು ಕೇಳುತ್ತವೆ. ಅಜ್ಜಿಗೆ ಕೋಪ ಬಂದಿರಲಿಲ್ಲ, ಕಣ್ಣಿಗೆ ಬಿಸಿಲು ಹೊಡೆಯುತ್ತಿತ್ತು ಅಷ್ಟೆ.

ಆ ಕಾಲದಲ್ಲಿ ಮಧ್ಯಮ ವರ್ಗದ ಮನೆಗಳಿಗೆ ಬಂದ ಕ್ಯಾಮೆರಾ ಎಂದರೆ ಹೆಚ್ಚಾಗಿ ಆಗ್ಫಾ ಕ್ಲಿಕ್-3. ಬರೋಡಾದಲ್ಲಿ ತಯಾರಾಗುತ್ತಿದ್ದ ಕಪ್ಪು ಡಬ್ಬಿ. ಒಂದು ರೋಲಿಗೆ ಹನ್ನೆರಡೇ ಫೋಟೋ. ಮುಂಬಯಿಯ ಹೋಟೆಲಿನಲ್ಲಿ ದುಡಿಯುತ್ತಿದ್ದ ಮಾವಂದಿರೋ ಚಿಕ್ಕಪ್ಪಂದಿರೋ ಮೇ ತಿಂಗಳ ರಜೆಗೆ ಊರಿಗೆ ಬರುವಾಗ ಅದನ್ನು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದರು. ಅದರ ಲೆನ್ಸು ತೀರ ಸರಳ. ಒಳಗೆ ಬರುವ ಬೆಳಕು ಕಡಿಮೆ, ಹಾಗಾಗಿ ಮನೆಯೊಳಗೆ ಅದರ ಆಟ ನಡೆಯದು. ಅಂಗಳಕ್ಕೇ ಬರಬೇಕು. ತೆಗೆಯುವವನ ಬೆನ್ನಿಗೆ ಸೂರ್ಯ, ತೆಗೆಸಿಕೊಳ್ಳುವವಳ ಮುಖಕ್ಕೆ ಸೂರ್ಯ. ಎಂಟು-ಹತ್ತು ಅಡಿಗಿಂತ ಹತ್ತಿರ ಹೋದರೆ ಮುಖ ಮಂಜು. ರೋಲು ಕೆಲವೊಮ್ಮೆ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯದು. 1960ರಲ್ಲಿ ಸರಕಾರ ಕಟ್ಟಿದ ಆ ಕಂಪೆನಿ ತನ್ನ ಫಿಲ್ಮಿಗೆ 'ಇಂದು' ಎಂದು ಹೆಸರಿಟ್ಟಿತ್ತು. ಸಂಸ್ಕೃತದಲ್ಲಿ ಚಂದ್ರ, ನಮ್ಮ ಕನ್ನಡದಲ್ಲಿ ಈ ದಿನ. ಚಂದ್ರನ ಹೆಸರಿನ ಫಿಲ್ಮಿಗಾಗಿ ಸೂರ್ಯನನ್ನು ನೋಡುತ್ತ ನಿಲ್ಲಬೇಕಿತ್ತು ನಮ್ಮ ಹೆಂಗಸರು.

ಎಲ್ಲಿ ನಿಲ್ಲಬೇಕು, ಎಷ್ಟು ದೂರ ನಿಲ್ಲಬೇಕು, ಯಾವ ಕಡೆ ಮುಖ ಮಾಡಬೇಕು ಎಂಬುದನ್ನು ಲೆನ್ಸೇ ತೀರ್ಮಾನಿಸುತ್ತಿತ್ತು. ಇದು ನನಗೆ ಹೊಳೆದದ್ದು ಬಹಳ ತಡವಾಗಿ, ನಾನೇ ಕ್ಯಾಮೆರಾ ಹಿಡಿದ ಮೇಲೆ. ಅಲ್ಲಿಯವರೆಗೆ ನಾನೂ ಉಳಿದವರ ಹಾಗೆ ಅದರ ಎದುರು ನಿಂತವಳೇ.

ಕುಂದಾಪುರದ ಸ್ಟುಡಿಯೋದಲ್ಲಿ ಮದುವೆ ಮಾತುಕತೆಗೆಂದು ಫೋಟೋ ತೆಗೆಸಿಕೊಳ್ಳದ ನನ್ನ ವಾರಿಗೆಯ ಹುಡುಗಿ ಯಾರಿದ್ದಾಳೆ? ಹಿಂದುಗಡೆ ಬಣ್ಣದಲ್ಲಿ ಬರೆದ ಬೆಟ್ಟ, ಸರೋವರ. ಪಕ್ಕದಲ್ಲಿ ಕುರ್ಚಿ, ಕುರ್ಚಿಯ ಬೆನ್ನಿನ ಮೇಲೆ ಕೈ. ಗಲ್ಲ ಇಷ್ಟು ಎತ್ತಿ, ಅಷ್ಟು ಇಳಿಸಿ ಎಂದು ಕಪ್ಪು ಬಟ್ಟೆಯ ಆಚೆಯಿಂದ ಒಂದು ಗಂಡು ದನಿ. ಅಮ್ಮ ಬಾಗಿಲ ಬಳಿ ನಿಂತು ಸೆರಗು ಸರಿ ಮಾಡು ಎಂದು ಕಣ್ಣಿನಲ್ಲೇ ಹೇಳುತ್ತಿರುತ್ತಾಳೆ. ಹೆಣ್ಣು ಮತ್ತು ಕ್ಯಾಮೆರಾದ ನಡುವಿನ ಈ ಬಿಗುಮಾನ ಹೊಸದೂ ಅಲ್ಲ, ನಮ್ಮ ಊರಿಗೆ ಮಾತ್ರ ಸೇರಿದ್ದೂ ಅಲ್ಲ. ಹೈದರಾಬಾದಿನಲ್ಲಿ ರಾಜಾ ದೀನ್ ದಯಾಳ್ 1892ರಲ್ಲಿ ಪರದೆಯ ಹೆಂಗಸರಿಗೆಂದೇ ಬೇರೆ ಸ್ಟುಡಿಯೋ ತೆರೆದು, ಅಲ್ಲಿ ಫೋಟೋ ತೆಗೆಯಲು ಒಬ್ಬ ಆಂಗ್ಲ ಮಹಿಳೆಯನ್ನು ನೇಮಿಸಿದ್ದರು. ಗಂಡಸರು ಹತ್ತಿರ ಬರುವಂತಿರಲಿಲ್ಲ, ಆಗಿನ ಲೆನ್ಸು ದೂರದಿಂದ ಮುಖ ಹಿಡಿಯುವಂತಿರಲಿಲ್ಲ.

ಕ್ಯಾಮೆರಾದ ಹಿಂದೆ ನಿಂತ ಹೆಂಗಸರೂ ಇದ್ದರು ಎನ್ನಿ. ಹೋಮಾಯ್ ವ್ಯಾರಾವಾಲಾ (1913-2012) ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ. ಸೀರೆ ಉಟ್ಟುಕೊಂಡು, ಭಾರದ ಕ್ಯಾಮೆರಾ ಹೊತ್ತುಕೊಂಡು ದೆಹಲಿಯ ಗಂಡಸರ ಗುಂಪಿನಲ್ಲಿ ನುಗ್ಗಿ ನೆಹರೂ ಅವರನ್ನು, ಮೌಂಟ್‌ಬ್ಯಾಟನ್ ಅವರನ್ನು ಚಿತ್ರಿಸಿದಾಕೆ. ಅವರು ಬಳಸುತ್ತಿದ್ದ ಸ್ಪೀಡ್ ಗ್ರಾಫಿಕ್, ರೋಲಿಫ್ಲೆಕ್ಸ್ ಕ್ಯಾಮೆರಾಗಳಲ್ಲಿ ಜೂಮು ಇರಲಿಲ್ಲ. ದೊಡ್ಡ ಮುಖ ಬೇಕೆಂದರೆ ಆ ಮುಖದ ಹತ್ತಿರಕ್ಕೇ ಹೋಗಬೇಕು. ಅವರು ಹೋದರು. 1970ರಲ್ಲಿ ಕ್ಯಾಮೆರಾ ಕೆಳಗಿಟ್ಟ ಅವರಿಗೆ 2011ರಲ್ಲಿ ಪದ್ಮವಿಭೂಷಣ ಬಂತು. ಆದರೆ ಎಲ್ಲರಿಗೂ ಹೋಮಾಯ್ ಅವರ ಧೈರ್ಯ ಎಲ್ಲಿಂದ ಬರಬೇಕು? ಬಯಲಾಟದ ರಂಗಸ್ಥಳದ ಬುಡಕ್ಕೆ ಹೋಗಿ ಮಂಡಿಯೂರಿ ಕುಳಿತು ಫೋಟೋ ತೆಗೆಯುವ ಐವತ್ತೆಂಟರ ಹೆಂಗಸನ್ನು ನಮ್ಮ ಊರು ಇನ್ನೂ ಕಂಡಿಲ್ಲ.

ನನಗೆ ಕ್ಯಾಮೆರಾ ಬಂದದ್ದು 2019ರಲ್ಲಿ, ಶಾಲೆಯ ಕೆಲಸದಿಂದ ನಿವೃತ್ತಳಾಗುವ ಹೊತ್ತಿಗೆ. ಬೆಂಗಳೂರಿನಲ್ಲಿರುವ ಅಣ್ಣನ ಮಗ ತಾನು ಹೊಸದು ಕೊಂಡು ಹಳೆಯ ಕ್ಯಾನನ್ನನ್ನು "ಅತ್ತೇ, ನಿಮಗೆ ಹೊತ್ತು ಹೋಗುತ್ತದೆ" ಎಂದು ಕೊಟ್ಟುಹೋದ. ಅದರ ಮೂತಿಯಲ್ಲಿ ಇದ್ದದ್ದು 18-55ರ ಲೆನ್ಸು. ಇದಕ್ಕೆ ಕಿಟ್ ಲೆನ್ಸು ಅನ್ನುತ್ತಾರೆ. ಕ್ಯಾಮೆರಾದ ಜೊತೆಗೇ ಪೆಟ್ಟಿಗೆಯಲ್ಲಿ ಬರುವಂಥದು, ಮಿಕ್ಸಿಯ ಜೊತೆ ಬರುವ ಚಟ್ನಿ ಜಾರಿನ ಹಾಗೆ.

ಈ ಕಿಟ್ ಲೆನ್ಸಿಗೂ ಒಂದು ವಂಶಾವಳಿ ಇದೆ. 1925ರಲ್ಲಿ ಜರ್ಮನಿಯ ಲೈಕಾ ಕ್ಯಾಮೆರಾ ಮಾರುಕಟ್ಟೆಗೆ ಬಂದಾಗ ಅದರಲ್ಲಿ 50 ಮಿಲಿಮೀಟರಿನ ಒಂದೇ ಲೆನ್ಸು. ಈ ಮಿಲಿಮೀಟರು ಎಂದರೆ ನಾವು ಹೈಸ್ಕೂಲಿನಲ್ಲಿ ಕಲಿತ ಸಂಗಮದೂರ. ಅದು ಹೆಚ್ಚಿದಷ್ಟೂ ದೂರದ ವಸ್ತು ದೊಡ್ಡದಾಗಿ ಕಾಣುತ್ತದೆ, ಸುತ್ತಲಿನದು ಚೌಕಟ್ಟಿನಿಂದ ಹೊರಗೆ ಹೋಗುತ್ತದೆ. ಮುಂದೆ ಎಷ್ಟೋ ದಶಕ ಕ್ಯಾಮೆರಾ ಕೊಂಡವರಿಗೆ ಜೊತೆಯಲ್ಲಿ ಸಿಗುತ್ತಿದ್ದದ್ದು ಈ 50ರ ಲೆನ್ಸೇ. ಎಂಬತ್ತರ ದಶಕದ ಕೊನೆಯಿಂದ ಅದರ ಜಾಗಕ್ಕೆ ಅಗ್ಗದ ಚಿಕ್ಕ ಜೂಮುಗಳು ಬಂದವು. 2003ರಲ್ಲಿ ಕ್ಯಾನನ್ ಕಂಪೆನಿ ಸಾಮಾನ್ಯರ ಕೈಗೆಟಕುವ ಬೆಲೆಯ ಡಿಜಿಟಲ್ ಕ್ಯಾಮೆರಾ '300ಡಿ'ಯನ್ನು ಹೊರತಂದಾಗ ಜೊತೆಗೆ 18-55ನ್ನು ಕೊಟ್ಟಿತು. ಎರಡು ವರ್ಷದಲ್ಲಿ ನಿಕಾನ್ ಕೂಡ ಅದೇ ಅಳತೆಯದನ್ನು ಕೊಟ್ಟಿತು. ಜಗತ್ತಿನ ಅದೆಷ್ಟೋ ಮಂದಿ ಫೋಟೋಗ್ರಫಿಯ ಅಕ್ಷರಾಭ್ಯಾಸ ಮಾಡಿದ್ದು ಇದರಲ್ಲೇ.

ಕಿಟ್ ಲೆನ್ಸನ್ನು ಹೀಗಳೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಒಂದು ವರ್ಷ ಅದರಲ್ಲೇ ಕಲಿತೆ. ಕೋಡಿಯ ಕಡಲತೀರ, ಪಂಚಗಂಗಾವಳಿಯ ದಂಡೆಯ ದೋಣಿಗಳು, ಅಡುಗೆಮನೆಯ ಕಿಟಕಿಯಿಂದ ಬರುವ ಬೆಳಕಿನಲ್ಲಿ ಹೆರೆಮಣೆ, ಹಲಸಿನ ಸೊಳೆ ಬಿಡಿಸುವ ಕೈ. ಒಂದು ಅಡಿಗಿಂತ ಹತ್ತಿರಕ್ಕೆ ಹೋದರೂ ಅದು ಸ್ಪಷ್ಟವಾಗಿ ಹಿಡಿಯುತ್ತಿತ್ತು. ಎದುರಿಗಿದ್ದವರ ಜೊತೆ ಮಾತಾಡದೆ ಅವರ ಫೋಟೋ ತೆಗೆಯುವುದು ಅದರಲ್ಲಿ ಸಾಧ್ಯವೇ ಇರಲಿಲ್ಲ, ಅದು ಒಳ್ಳೆಯದೇ.

ಆದರೆ ಅದು ಸೋತದ್ದು ಆಟದ ರಾತ್ರಿ. ಮಂದಾರ್ತಿ ಮೇಳದ ಹರಕೆ ಆಟ ನಿಮಗೆ ಗೊತ್ತೇ ಇದೆ. ಐದು ಮೇಳಗಳಿದ್ದರೂ ಹರಕೆ ಹೇಳಿಕೊಂಡವರು ವರ್ಷಗಟ್ಟಲೆ ಕಾಯಬೇಕು. ನಮ್ಮ ನೆರೆಮನೆಯವರ ಸರದಿ ಬಂದಾಗ ಗದ್ದೆಯಲ್ಲಿ ರಂಗಸ್ಥಳ ಎದ್ದಿತು. ಹೆಂಗಸರು ಒಂದು ಪಕ್ಕ, ನಾನು ಆ ಪಕ್ಕದ ಮೂರನೆಯ ಸಾಲು. ರಂಗಸ್ಥಳಕ್ಕೆ ಸುಮಾರು ನಲವತ್ತು ಅಡಿ. ಲೆಕ್ಕ ಹಾಕಿದರೆ ಅಷ್ಟು ದೂರದಿಂದ ಕಿಟ್ ಲೆನ್ಸಿನ ಕೊನೆಯ ತಿರುವು, ಅಂದರೆ 55, ಹದಿನಾರು ಅಡಿ ಅಗಲವನ್ನು ಹಿಡಿಯುತ್ತದೆ. ಇಡೀ ರಂಗಸ್ಥಳ, ಭಾಗವತರು, ಮದ್ದಳೆ, ಚಂಡೆ, ಮುಂದೆ ಕುಳಿತವರ ತಲೆಗಳು. ನಡುವೆ ಎಲ್ಲೋ ಕೇದಗೆ ಮುಂದಲೆಯ ಅಭಿಮನ್ಯು, ಹೆಬ್ಬೆರಳಿನಷ್ಟು. ಹತ್ತಿರ ಹೋಗಿ ತೆಗೆಯಬಹುದಿತ್ತಲ್ಲ ಎಂದು ಅಣ್ಣನ ಮಗ ಫೋನಿನಲ್ಲಿ ಹೇಳಿದ. ಅವನಿಗೆ ಅದು ಹತ್ತು ಹೆಜ್ಜೆ. ನನಗೆ ಇಡೀ ಊರಿನ ಕಣ್ಣು ದಾಟಿ ಹೋಗಬೇಕಾದ ಹತ್ತು ಹೆಜ್ಜೆ. ಅದೇ ದೂರದಿಂದ 250ರ ಲೆನ್ಸು ಮೂರೂವರೆ ಅಡಿ ಅಗಲವನ್ನು ಮಾತ್ರ ಹಿಡಿಯುತ್ತದೆ. ಮುಂದಲೆ, ಮುಖ, ಎದೆಕಟ್ಟು. ಕೂತಲ್ಲಿಂದ ಏಳಬೇಕಿಲ್ಲ.

ಜೂಮು ಎಂಬ ಮಾತು ನಮ್ಮ ಹೆಂಗಸರಿಗೆ ಅಪರಿಚಿತವೇನಲ್ಲ. ಎಪ್ಪತ್ತರ ದಶಕದ ಸಿನೆಮಾಗಳಲ್ಲಿ ಕೆಟ್ಟ ಸುದ್ದಿ ಬಂದೊಡನೆ ನಾಯಕಿಯ ಮುಖ ಗುಡುಗಿನ ಸದ್ದಿನೊಂದಿಗೆ ಧಡಾರನೆ ಹತ್ತಿರ ಬರುತ್ತಿತ್ತಲ್ಲ, ಅದೇ ಜೂಮು. ಟಿ.ವಿ. ಧಾರಾವಾಹಿಗಳು ಬಂದ ಮೇಲೆ ಅತ್ತೆಯ ಮುಖಕ್ಕೆ ಮೂರು ಸಲ, ಸೊಸೆಯ ಮುಖಕ್ಕೆ ಮೂರು ಸಲ. ನಮ್ಮ ಊರಿಗೆ ಅದು ಕಾಲಿಟ್ಟದ್ದು ಸ್ಟುಡಿಯೋದ ಬಾಗಿಲಿನಿಂದಲ್ಲ, ಮದುವೆ ವೀಡಿಯೋದವರ ಹೆಗಲ ಮೇಲೆ ಎಂದು ನನಗೆ ಅನ್ನಿಸುತ್ತದೆ. ಎಂಬತ್ತು-ತೊಂಬತ್ತರ ದಶಕದಲ್ಲಿ ಹಗಲಿಗೂ ಮೀರಿದ ದೀಪ ಹಿಡಿದುಕೊಂಡು ಬಂದು, ಪಾಯಸ ಸುರಿಯುತ್ತಿರುವವರ ಬಾಯಿಗೇ ಜೂಮು ಹಾಕುತ್ತಿದ್ದರು. ಎಷ್ಟು ಹೆಂಗಸರು ಆ ದೀಪಕ್ಕೆ ಹೆದರಿ ಅರ್ಧ ಊಟಕ್ಕೇ ಎಲೆ ಮಡಚಿದ್ದಾರೋ!

ಫೋಟೋ ಕ್ಯಾಮೆರಾಕ್ಕೆ ಜೂಮು ಬಂದದ್ದು 1959ರಲ್ಲಿ. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಫ್ರಾಂಕ್ ಬ್ಯಾಕ್ ಎಂಬಾತ ಮೊದಲು ಸಿನೆಮಾ, ಟೆಲಿವಿಷನ್ ಕ್ಯಾಮೆರಾಗಳಿಗೆ ಇಂಥ ಲೆನ್ಸು ಮಾಡಿದ್ದ. ಆಮೇಲೆ ಜರ್ಮನಿಯ ಫೋಯ್ಕ್‌ಲೆಂಡರ್ ಕಂಪೆನಿಗೆ 36ರಿಂದ 82 ಮಿಲಿಮೀಟರಿನ 'ಜೂಮಾರ್' ರೂಪಿಸಿಕೊಟ್ಟ. ಒಂದೇ ಕೊಳವೆಯೊಳಗೆ ಹತ್ತಕ್ಕೂ ಮಿಕ್ಕಿ ಗಾಜುಗಳು, ಕೆಲವು ಹಿಂದೆ, ಕೆಲವು ಮುಂದೆ ಸರಿದು ಸಂಗಮದೂರವನ್ನೇ ಬದಲಿಸುವ ಉಪಾಯ. ಗಾಜು ಹೆಚ್ಚಿದಷ್ಟೂ ಒಳಗೊಳಗೇ ಬೆಳಕು ಪ್ರತಿಫಲಿಸಿ ಚಿತ್ರ ಮಸುಕಾಗುತ್ತದೆ. 1963ರಲ್ಲಿ ನಿಕಾನ್ ಹೊರತಂದ 43-86ರ ಜೂಮು ಬಹಳ ಖರ್ಚಾಯಿತಾದರೂ ಅದರಲ್ಲಿ ನೇರ ಗೆರೆಗಳು ಬಾಗಿ ಬರುತ್ತಿದ್ದುವೆಂದು ಕೆಟ್ಟ ಹೆಸರೂ ಬಂತು. ಗಾಜುಗಳ ಲೆಕ್ಕಾಚಾರಕ್ಕೆ ಕಂಪ್ಯೂಟರು ಬಂದಂತೆ, ಗಾಜಿನ ಮೇಲಿನ ಲೇಪನ ಸುಧಾರಿಸಿದಂತೆ ಜೂಮಿನ ಮರ್ಯಾದೆ ಏರಿತು. 1995ರಲ್ಲಿ ಕ್ಯಾನನ್ ಕೈನಡುಕವನ್ನು ಲೆನ್ಸೇ ಸರಿಪಡಿಸುವ ಮೊದಲ ಜೂಮನ್ನು ಮಾಡಿತು. ನಡುಗುವ ಕೈಗಳ ವಯಸ್ಸಿಗೆ ಬಂದಿರುವ ನನ್ನಂಥವರಿಗೆ ಅದು ಉಪಕಾರ. ನಾನು ಕೊಂಡ 55-250ರ ಮೊದಲ ರೂಪ 2007ರದು. ಅದರಲ್ಲೂ ಈ ಸೌಕರ್ಯವಿದೆ.

ಹೊಸದನ್ನು ಕೊಳ್ಳಲು ಮನಸ್ಸು ಬರಲಿಲ್ಲ. ಪಿಂಚಣಿಯ ಹಣ ಇತ್ತು, ಆದರೂ ಹವ್ಯಾಸಕ್ಕೆ ಖರ್ಚು ಮಾಡುವಾಗ ಹೆಂಗಸಿನ ಒಳಗೆ ಯಾರೋ ಒಬ್ಬಳು ಕೂತು ಲೆಕ್ಕ ಕೇಳುತ್ತಾಳೆ. ಅದೇ ಹಣಕ್ಕೆ ಮಾಡಿಗೆ ಹಂಚು ಬದಲಿಸಬಹುದಿತ್ತು ಎನ್ನುತ್ತಾಳೆ. ಸೆಕೆಂಡ್ ಹ್ಯಾಂಡ್ ಎಂದರೆ ಅವಳ ಬಾಯಿ ಸ್ವಲ್ಪ ಮುಚ್ಚುತ್ತದೆ.

ಆ ಹೊತ್ತಿಗೆ ಸೆಕೆಂಡ್ ಹ್ಯಾಂಡ್ ಲೆನ್ಸಿಗೆ ಸುಕಾಲವೂ ಬಂದಿತ್ತು. 2018ರಲ್ಲಿ ನಿಕಾನ್, ಕ್ಯಾನನ್ ಎರಡೂ ಕಂಪೆನಿಗಳು ಒಳಗೆ ಕನ್ನಡಿ ಇಲ್ಲದ ಹೊಸ ಜಾತಿಯ ಕ್ಯಾಮೆರಾ ತಂದು, ಲೆನ್ಸು ಕೂರುವ ಬಾಯಿಯ ಅಳತೆಯನ್ನೇ ಬದಲಿಸಿದುವು. ನಿಕಾನಿನ ಹಳೆಯ ಬಾಯಿ 1959ರಿಂದ, ಕ್ಯಾನನಿನದು 1987ರಿಂದ ನಡೆದುಕೊಂಡು ಬಂದದ್ದು. ಮದುವೆ ಫೋಟೋ ತೆಗೆಯುವವರು ಒಬ್ಬೊಬ್ಬರಾಗಿ ಹೊಸದಕ್ಕೆ ಹೊರಳಿದಂತೆ ಹಳೆಯ ಲೆನ್ಸುಗಳು ಕಪಾಟಿನಿಂದ ಹೊರಬಂದುವು. ನಮ್ಮ ಜಿಲ್ಲೆಗಳ ಫೋಟೋಗ್ರಾಫರುಗಳಿಗೆ ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಶನ್ ಎಂಬ ಸಂಘವಿದೆ, ಕುಂದಾಪುರದಲ್ಲಿ, ಬ್ರಹ್ಮಾವರದಲ್ಲಿ ವಲಯಗಳಿವೆ. ಯಾರ ಬಳಿ ಏನು ಮಾರಲಿಕ್ಕಿದೆ ಎಂಬುದು ಅವರವರಲ್ಲೇ ಗೊತ್ತಿರುತ್ತದೆ. ನಮ್ಮ ಪೇಟೆಯ ಸ್ಟುಡಿಯೋದವರೊಬ್ಬರು ಬ್ರಹ್ಮಾವರದ ಇನ್ನೊಬ್ಬರ ವಿಳಾಸ ಹೇಳಿದರು. ಆರೂವರೆ ಸಾವಿರ ರೂಪಾಯಿ.

ಹಳೆಯ ಲೆನ್ಸು ಕೊಳ್ಳುವುದಕ್ಕೂ ಮೀನು ಕೊಳ್ಳುವುದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಹೊರಗಿನ ಹೊಳಪು ನೋಡಿ ಬಂಗುಡೆ ಕೊಳ್ಳುವವಳನ್ನು ನಮ್ಮ ಕಡೆ ಯಾರೂ ಜಾಣೆ ಎನ್ನುವುದಿಲ್ಲ. ಕಿವಿರು ಎತ್ತಿ ನೋಡಬೇಕು. ಲೆನ್ಸಿನ ಕಿವಿರು ಎಂದರೆ ಒಳಗಿನ ಗಾಜು. ಎರಡೂ ಕಡೆಯ ಮುಚ್ಚಳ ತೆಗೆದು, ಒಂದು ಕಡೆಯಿಂದ ಟಾರ್ಚು ಬಿಟ್ಟು, ಇನ್ನೊಂದು ಕಡೆಯಿಂದ ಓರೆಯಾಗಿ ನೋಡಬೇಕು. ಧೂಳಿನ ನಾಲ್ಕು ಕಣ ಕಂಡರೆ ಚಿಂತೆಯಿಲ್ಲ, ಅದು ಚಿತ್ರದಲ್ಲಿ ಕಾಣುವುದಿಲ್ಲ. ಜೇಡರ ಬಲೆಯ ಹಾಗೆ, ಬೇರಿನ ಹಾಗೆ ಕವಲೊಡೆದ ಎಳೆಗಳು ಕಂಡರೆ ಅದು ಬೂಷ್ಟು, ಫಂಗಸ್ಸು. ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಉಂಗುರ ತಿರುಗಿಸಿದಾಗ ಮರಳು ಸಿಕ್ಕಿದಂಥ ಕರಕರ ಸದ್ದು ಇರಬಾರದು. ತಲೆ ಕೆಳಗೆ ಹಿಡಿದರೆ ಕೊಳವೆ ತಾನಾಗಿ ಜಾರಬಾರದು. ಕ್ಯಾಮೆರಾಕ್ಕೆ ಹಾಕಿ ಹತ್ತಿರದ್ದನ್ನು, ದೂರದ್ದನ್ನು ನಾಲ್ಕು ಸಲ ತೆಗೆದು ಅಲ್ಲೇ ದೊಡ್ಡದು ಮಾಡಿ ನೋಡಬೇಕು. ನಾನು ಮಾರುವವರ ಅಂಗಡಿಯ ಎದುರಿನ ಬಸ್ಸುಗಳ ಬೋರ್ಡನ್ನೆಲ್ಲ ತೆಗೆದೆ. ಅವರು ಪಾಪ ತಾಳ್ಮೆಯಿಂದ ಚಹಾ ತರಿಸಿದರು.

ಇನ್ನೊಂದು ಪ್ರಶ್ನೆಯನ್ನು ಕರಾವಳಿಯವರು ತಪ್ಪದೆ ಕೇಳಬೇಕು. ಈ ಲೆನ್ಸು ಈವರೆಗೆ ಎಲ್ಲಿ ಇತ್ತು, ಮಳೆಗಾಲವನ್ನು ಹೇಗೆ ಕಳೆಯಿತು? ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುವ ಊರು ನಮ್ಮದು. ಆಷಾಢದಲ್ಲಿ ಚಪ್ಪಲಿಗೂ ಬೆಲ್ಟಿಗೂ ಬೂಷ್ಟು ಬರುತ್ತದೆ, ಗಾಜು ಬಿಟ್ಟೀತೆ? ಬೂಷ್ಟು ಲೆನ್ಸಿನೊಳಗೆ ಬೆಳೆಯುತ್ತ ಹುಳಿ ಬಿಡುತ್ತದೆ, ಅದು ಗಾಜಿನ ಮೇಲಿನ ಲೇಪನವನ್ನು ತಿಂದುಹಾಕುತ್ತದೆ. ಆಮೇಲೆ ಒರೆಸಿದರೂ ಕಲೆ ಉಳಿಯುತ್ತದೆ. ಹಿಂದಿನವರು ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿಟ್ಟು, ಚೀಲವನ್ನು ಕಪಾಟಿನ ಕತ್ತಲೆಯಲ್ಲಿ ರೇಷ್ಮೆ ಸೀರೆಗಳ ನಡುವೆ ಇಡುತ್ತಿದ್ದರು. ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಮನೆ ಬೇಡ. ಹೀಗೆ ಎಷ್ಟು ಮನೆಗಳ ಕ್ಯಾಮೆರಾಗಳು ಕುರುಡಾದುವೋ. ಶ್ರೀಮಂತರು ಈಗ ವಿದ್ಯುತ್ತಿನ ಒಣ ಕಪಾಟು ಇಟ್ಟುಕೊಳ್ಳುತ್ತಾರೆ. ನಮಗೆ ಹಪ್ಪಳ-ಸಂಡಿಗೆಗಳನ್ನು ಮಳೆಗಾಲ ದಾಟಿಸಿ ಗೊತ್ತಿದೆಯಲ್ಲ, ಅದೇ ವಿದ್ಯೆ ಸಾಕು. ರಬ್ಬರು ಪಟ್ಟಿಯ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ಲಿನ ಪೊಟ್ಟಣ. ಪೊಟ್ಟಣದ ಹರಳು ಬಣ್ಣ ಬದಲಿಸಿದರೆ ಬಿಸಿ ಬಾಣಲೆಯಲ್ಲಿ ಹುರಿದು, ತಣಿಸಿ, ಮತ್ತೆ ಹಾಕುವುದು. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬಾರದು. ಬಿಸಿಲು ಕಂಡ ದಿನ ಲೆನ್ಸನ್ನು ಹೊರಗೆ ತೆಗೆದು ಬಳಸುವುದು. ಕೆಲಸ ಮಾಡುವ ಲೆನ್ಸಿಗೆ ಬೂಷ್ಟು ಕಡಿಮೆ.

ಜೂಮು ಬಂದ ಮೇಲೆ ಎಲ್ಲ ಸಲೀಸಾಯಿತೆಂದು ತಿಳಿಯಬೇಡಿ. ಬೆಳಕಿನ ವಿಷಯದಲ್ಲಿ ಅಗ್ಗದ ಜೂಮು ಜುಗ್ಗ. ಹಳೆಯ 50ರ ಲೆನ್ಸಿನ ಕಿಂಡಿ ಎಫ್ 1.8ರಷ್ಟು ತೆರೆದರೆ ಇದರದು ಕೊನೆಯಲ್ಲಿ 5.6. ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಲೆಕ್ಕದಲ್ಲಿ ಇದು ಸುಮಾರು ಹತ್ತನೇ ಒಂದು ಪಾಲು ಬೆಳಕು. ನಮ್ಮ ಆಟಗಳು ದೊಂದಿಯ ಬೆಳಕಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಈ ಲೆನ್ಸು ಕಪ್ಪು ಬಿಟ್ಟು ಬೇರೇನೂ ಕೊಡುತ್ತಿರಲಿಲ್ಲ. ಆಮೇಲೆ ಗ್ಯಾಸ್‌ಲೈಟು ಬಂತು, ಟ್ಯೂಬ್‌ಲೈಟು ಬಂತು, ಈಗ ಬಣ್ಣಬಣ್ಣದ ಎಲ್.ಇ.ಡಿ. ಬೆಳಕು ಹೆಚ್ಚಾಗಿ ವೇಷದ ಬಣ್ಣ ಸೊರಗಿತೆಂದು ಹಿರಿಯರು ಹೇಳುತ್ತಾರೆ, ನನಗೂ ಹಾಗೆಯೇ ಅನ್ನಿಸುತ್ತದೆ. ಆದರೆ ಆ ಬೆಳಕು ಇಲ್ಲದಿದ್ದರೆ ನನ್ನ ಫೋಟೋ ಇಲ್ಲ. ಕೋಟದ ಶಿವರಾಮ ಕಾರಂತರು ನಮ್ಮ ಆಟದ ವೇಷ, ಕುಣಿತಗಳನ್ನೆಲ್ಲ 'ಯಕ್ಷಗಾನ ಬಯಲಾಟ' ಎಂಬ ಪುಸ್ತಕದಲ್ಲಿ ಹಿಡಿದಿಟ್ಟರು, ಅದಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಪುಸ್ತಕ ತಿರುವುವಾಗಲೆಲ್ಲ ಅವರ ಕಾಲದ ಇರುಳಾಟಗಳನ್ನು ಚಿತ್ರಿಸುವುದು ಎಷ್ಟು ಕಷ್ಟವಿದ್ದಿರಬೇಕು ಎಂದು ಯೋಚಿಸುತ್ತೇನೆ.

ಕೈನಡುಕವನ್ನು ಲೆನ್ಸು ತಡೆಯುತ್ತದೆ, ವೇಷಧಾರಿಯ ಕುಣಿತವನ್ನು ತಡೆಯುವುದಿಲ್ಲ. ಮಂಡಿ ಹಾಕಿ ಗಿರಕಿ ಹೊಡೆಯುವಾಗ ತೆಗೆದರೆ ಬರೀ ಕೆಂಪು-ಹಳದಿ ಸುಳಿ. ಅರ್ಥಗಾರಿಕೆಯ ನಡುವೆ, ಎದುರು ವೇಷದ ಮಾತು ಕೇಳುತ್ತ ಒಂದು ಗಳಿಗೆ ನಿಂತುಬಿಡುತ್ತಾರಲ್ಲ, ಆಗ ತೆಗೆಯಬೇಕು. ಆ ಗಳಿಗೆ ಯಾವಾಗ ಬರುತ್ತದೆಂಬುದು ಚಿಕ್ಕಂದಿನಿಂದ ಆಟ ನೋಡಿದವರಿಗೆ ಗೊತ್ತು. ಸ್ತ್ರೀವೇಷದ ಕಲಾವಿದರೊಬ್ಬರು ಸುಭದ್ರೆಯಾಗಿ ಮಗನನ್ನು ಯುದ್ಧಕ್ಕೆ ಕಳಿಸುವಾಗ ಹಾಗೆ ನಿಂತದ್ದನ್ನು ಮೂರನೆಯ ಸಾಲಿನಿಂದ ತೆಗೆದೆ. ಪಕ್ಕದಲ್ಲಿ ಕುಳಿತ ಹೆಂಗಸರೆಲ್ಲ ಕ್ಯಾಮೆರಾದ ಹಿಂದಿನ ಗಾಜಿನಲ್ಲಿ ಅದನ್ನು ನೋಡಲು ಮುಗಿಬಿದ್ದರು. ಇಷ್ಟು ವರ್ಷ ಆಟ ನೋಡಿದರೂ ಆ ಮುಖವನ್ನು ಅಷ್ಟು ಹತ್ತಿರದಿಂದ ಅವರಲ್ಲಿ ಯಾರೂ ಕಂಡಿರಲಿಲ್ಲ.

ಬೈಂದೂರಿನ ಕಡೆ ಹೋಗುವಾಗ ಮರವಂತೆಯಲ್ಲಿ ಬಸ್ಸಿನ ಕಿಟಕಿಗೆ ಎಲ್ಲರೂ ಮುಖ ಹಚ್ಚುತ್ತಾರೆ, ಒಂದು ಪಕ್ಕ ಕಡಲು, ಒಂದು ಪಕ್ಕ ಸೌಪರ್ಣಿಕಾ. ಮಳೆ ಮುಗಿದ ಅಕ್ಟೋಬರಿನ ಬೆಳಗ್ಗೆ ಗಾಳಿ ತಿಳಿಯಾಗಿದ್ದರೆ ಹೊಳೆಯ ಆಚೆ ಘಟ್ಟದ ಸಾಲು ಕಾಣುತ್ತದೆ, 1343 ಮೀಟರಿನ ಕೊಡಚಾದ್ರಿಯೂ. ಕಿಟ್ ಲೆನ್ಸಿನಲ್ಲಿ ಅದು ಹೊಳೆಯಂಚಿನ ತೆಳ್ಳನೆಯ ನೀಲಿ ಗೆರೆ. ಜೂಮಿನಲ್ಲಿ ಹೊಳೆ, ತೆಂಗಿನ ತೋಟ, ಘಟ್ಟ ಎಲ್ಲವೂ ಒಂದರ ಮೇಲೊಂದು ಅಡುಕಿದ ಹಾಗೆ ಹತ್ತಿರ ಬರುತ್ತವೆ. ಬೈಂದೂರು ನನ್ನ ಅತ್ತೆಯ, ಅಂದರೆ ಗಂಡನ ತಾಯಿಯ, ತವರು. ಆ ಫೋಟೋ ನೋಡಿ ಅವರು, "ಹಿಂಗ್ ಇಲ್ಲೆ ಇದ್ದಂಗೆ ಕಾಂತ್ ಅಲ್ದಾ" ಎಂದರು.

ದೂರದಿಂದ ಹತ್ತಿರ ಮಾಡಿಕೊಳ್ಳುವ ಈ ವಿದ್ಯೆಯಲ್ಲಿ ಒಂದು ಕಳ್ಳತನವೂ ಇದೆ. ಕಾಡಿನ ಹಕ್ಕಿಗಾಗಿ ಗಂಟೆಗಟ್ಟಲೆ ಕ್ಯಾಮೆರಾ ಹಿಡಿದು ಕಾದು ಕೂತ ಪೂರ್ಣಚಂದ್ರ ತೇಜಸ್ವಿಯವರ (1938-2007) ಬರಹಗಳನ್ನು ಓದಿ ನಾವೆಲ್ಲ ಉದ್ದ ಲೆನ್ಸಿನ ಮೇಲೆ ಪ್ರೀತಿ ಬೆಳೆಸಿಕೊಂಡೆವು. ಹಕ್ಕಿಯನ್ನು ಕೇಳಿ ತೆಗೆಯಲು ಬರುವುದಿಲ್ಲ, ಸರಿ. ಮನುಷ್ಯರನ್ನು? ಗಂಗೊಳ್ಳಿ ಬಂದರಿನಲ್ಲಿ ಒಂದು ಬೆಳಗ್ಗೆ ಮೀನು ಬೇರ್ಪಡಿಸುತ್ತಿದ್ದ ಹೆಂಗಸರನ್ನು ಯಾರೋ ನಾಲ್ಕು ಹುಡುಗರು ದೂರದ ಕಟ್ಟೆಯಲ್ಲಿ ನಿಂತು ಉದ್ದುದ್ದ ಲೆನ್ಸುಗಳಲ್ಲಿ ತೆಗೆಯುತ್ತಿದ್ದರು. ಹೆಂಗಸರು ಒಬ್ಬೊಬ್ಬರಾಗಿ ಬೆನ್ನು ತಿರುಗಿಸಿದರು. ಒಬ್ಬಾಕೆ ನನ್ನ ಕೈಯಲ್ಲಿದ್ದ ಕ್ಯಾಮೆರಾವನ್ನೂ ನೋಡಿ, "ಕೇಂಡ್ ತೆಗುಕಾಗ್ದಾ ಇವ್ರಿಗೆ?" ಎಂದು ನನ್ನನ್ನೇ ಕೇಳಿದಳು. ಮೂರು ತಲೆಮಾರು ಕಣ್ಣಿಗೆ ಬಿಸಿಲು ಹೊಡೆಸಿಕೊಂಡು ನಿಂತದ್ದರಲ್ಲಿ ಹಿಂಸೆ ಇತ್ತು, ನಿಜ. ಆದರೆ ಫೋಟೋ ತೆಗೆಯುತ್ತಿದ್ದಾರೆಂಬುದಾದರೂ ಅವರಿಗೆ ಗೊತ್ತಿತ್ತು. ನಾನು ಮೊದಲು ಕೇಳುತ್ತೇನೆ. ಆಗಲಿ ಎಂದ ಮೇಲೆ ದೂರ ಹೋಗಿ ಕೂರುತ್ತೇನೆ. ಅವರು ನನ್ನನ್ನು ಮರೆತು ತಮ್ಮ ಕೆಲಸಕ್ಕೆ ಹಿಂತಿರುಗಲು ಅರ್ಧ ಗಂಟೆ ಬೇಕಾಗುತ್ತದೆ. ಅಷ್ಟು ಹೊತ್ತು ಕಾಯದವರಿಗೆ ಜೂಮು ದಂಡ ಎಂಬುದು ನನ್ನ ಅಭಿಪ್ರಾಯ.

ಅತ್ತೆಯ ವಿಷಯದಲ್ಲೂ ಹೀಗೇ ಆಯಿತು. 2021ರ ಮಾರ್ಚಿನಲ್ಲಿ ಅವರಿಗೆ ಎಂಬತ್ತನಾಲ್ಕು. ಕಿಟ್ ಲೆನ್ಸು ಹಿಡಿದು ಎದುರು ಹೋದಾಗಲೆಲ್ಲ ಸೆರಗು ಹೊದ್ದು, ಕೈ ಜೋಡಿಸಿ, ಕಂಬದ ಹಾಗೆ ನಿಂತುಬಿಡುತ್ತಿದ್ದರು. ಕ್ಯಾಮೆರಾದ ಎದುರು ಹೀಗೆ ನಿಲ್ಲಬೇಕು ಎಂದು ಎಂದೋ ಕಲಿತದ್ದು, ಬಿಡುವುದು ಹೇಗೆ? ಆ ದಿನ ಅಂಗಳದ ಆಚೆ ತುದಿಯಲ್ಲಿ ಚಾಪೆ ಹಾಕಿ ಹಲಸಿನ ಹಪ್ಪಳ ಹರಡುತ್ತಿದ್ದರು. ತೆಗೆಯಲೇ ಎಂದು ಕೇಳಿ ನಾನು ಜಗಲಿಯ ಕಂಬಕ್ಕೆ ಒರಗಿದೆ. ಮೂವತ್ತು ಅಡಿ ಇರಬಹುದು. "ಅಷ್ಟ್ ದೂರ್ದಲ್ ಕೂಕಂಡ್ ಎಂತ ತೆಗಿತೆ ಹೆಣೆ" ಎಂದು ಗೊಣಗಿ ಕೆಲಸಕ್ಕೆ ತಿರುಗಿದರು. ಸ್ವಲ್ಪ ಹೊತ್ತಿನಲ್ಲಿ ಒಂದು ಕಾಗೆ ಚಾಪೆಯ ಅಂಚಿಗೆ ಬಂದು ಕೂತಿತು. ಅತ್ತೆ ಅದಕ್ಕೆ ಬೈಯುತ್ತ ಬೈಯುತ್ತ ತಾವೇ ನಕ್ಕರು. ಮುಂದಿನ ಹಲ್ಲಿಲ್ಲದ ಬಾಯಿ, ಒಂದು ಕಡೆಗೆ ಓರೆಯಾದ ತುಟಿ, ಕೆನ್ನೆಗೆ ಅಂಟಿದ ಹಪ್ಪಳದ ಹಿಟ್ಟು.

ಸಂಜೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಮತ್ತೆ ಹೇಳಿದರು, "ಇದ್ ನಾನಲ್ಲ ಮಗಾ. ನನ್ನ್ ಅಬ್ಬಿ."

ಅವರ ಅಬ್ಬಿ ತೀರಿಕೊಂಡದ್ದು 1975ರಲ್ಲಿ. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ಅವರು ಒಂದು ಸಲವೂ ಕ್ಯಾಮೆರಾದ ಮುಂದೆ ನಿಂತಿರಲಿಲ್ಲವಂತೆ. ಮುಂಬಯಿಯಿಂದ ಬಂದ ಮಗ ಕ್ಲಿಕ್-3 ಹಿಡಿದು ಅಂಗಳಕ್ಕೆ ಕರೆದರೆ ಹಿಂಬಾಗಿಲಿನಿಂದ ಹಟ್ಟಿಗೆ ಹೋಗಿಬಿಡುತ್ತಿದ್ದರಂತೆ. ಬೈಂದೂರಿನ ಆ ಮನೆಯ ಚಾವಡಿಯಲ್ಲಿ ಇಂದಿಗೂ ಅತ್ತೆಯ ತಂದೆಯವರ ಫೋಟೋ ಒಂದೇ ತೂಗುತ್ತಿದೆ, ಪಕ್ಕದ ಮೊಳೆ ಖಾಲಿ.

ಪೇಟೆಯ ಸ್ಟುಡಿಯೋದಲ್ಲಿ ಎರಡು ಪ್ರತಿ ಮಾಡಿಸಿದೆ. ಒಂದನ್ನು ಅತ್ತೆ ತಮ್ಮ ಟ್ರಂಕಿನಲ್ಲಿಟ್ಟರು. ಇನ್ನೊಂದನ್ನು ಏನೂ ಹೇಳದೆ ಬೈಂದೂರಿಗೆ, ತಮ್ಮನ ಮನೆಗೆ ಕಳಿಸಿದರು. ಮಾರನೆಯ ದಿನ ಫೋನು ಬಂತು. ಎಪ್ಪತ್ತೊಂಬತ್ತರ ಆ ತಮ್ಮನ ದನಿ ನನಗೂ ಕೇಳುವಷ್ಟು ದೊಡ್ಡದಿತ್ತು: "ಅಕ್ಕಾ, ಅಬ್ಬಿ ಫೋಟೋ ಎಲ್ ಸಿಕ್ತ್?"

ಅತ್ತೆ ನನ್ನ ಮುಖ ನೋಡಿದರು. "ಸಿಕ್ತ್" ಎಂದಷ್ಟೇ ಹೇಳಿ ಫೋನು ಇಟ್ಟರು.